ಹಾಲಿಗೆ ಗಾಡಿ ಇದೆ, ಆಳಿಗೆ ಬಸ್ಸಿಲ್ಲ!

ಬಂಗಾರಪೇಟೆ–ಕೆ.ಜಿ.ಎಫ್. ಸುತ್ತಿನ ಹಳ್ಳಿಗಳ ಸಂಚಾರ ಸೌಕರ್ಯ ಪುಸ್ತಕದಲ್ಲೇ ಉಳಿಯಿತೆ?

ಬಂಗಾರಪೇಟೆ: ನಮ್ಮ ಸೀಮೆಯ ಹಳ್ಳಿಗಳಲ್ಲಿ ಬೆಳಕು ಹರಿಯೋದಕ್ಕೆ ಮುಂಚೆ ಎರಡು ಕೆಲಸ ಶುರುವಾಗುತ್ತೆ. ಒಂದು, ಡೇರಿ ಮುಂದೆ ಹಾಲು ಅಳೆಯೋದು. ಇನ್ನೊಂದು, ಬೆಂಗಳೂರಿಗೆ ಕೂಲಿಗೆ, ಕಾರ್ಖಾನೆಗೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೊರಡೋದು. ಹಾಲಿಗೆ ಗಾಡಿ ಬರುತ್ತೆ. ಮಳೆ ಇರಲಿ, ಚಳಿ ಇರಲಿ, ಹಬ್ಬ ಇರಲಿ, ಹೊತ್ತಿಗೆ ಸರಿಯಾಗಿ ಬರುತ್ತೆ. ಬರದೇ ಹೋದರೆ ಹಾಲು ಒಡೆದುಹೋಗುತ್ತೆ, ನಷ್ಟ ಆಗುತ್ತೆ. ಆಳಿಗೆ ಮಾತ್ರ ಗಾಡಿ ಬರೋದಿಲ್ಲ. ಆಳು ಒಡೆದುಹೋಗೋದಿಲ್ಲವಲ್ಲ! ಅವನು ಹೇಗೋ ನಡೆದು ಮೇನ್ ರೋಡಿಗೆ ಬರ್ತಾನೆ, ಸಿಕ್ಕಿದ ಆಟೋ ಹತ್ತುತ್ತಾನೆ, ಇಲ್ಲವೇ ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂರುತ್ತಾನೆ.

ಸರ್ಕಾರವನ್ನು ಕೇಳಿ ನೋಡಿ. ಹಳ್ಳಿ ಹಳ್ಳಿಗೂ ಸಂಚಾರ ಸೌಕರ್ಯ ಇದೆ, ಪುಸ್ತಕದಲ್ಲಿ ಬರೆದಿದೆ ಅಂತ ಉತ್ತರ ಬರುತ್ತೆ. ಹಾಗಾದರೆ ಆ ಪುಸ್ತಕದಲ್ಲಿ ಏನು ಬರೆದಿದೆ ಅಂತ ಒಮ್ಮೆ ತೆರೆದೇ ನೋಡೋಣ.

ಪುಸ್ತಕದಲ್ಲಿ 'ಎ', ನೆಲದ ಮೇಲೆ ಒಂದು ಗಂಟೆ

ಹತ್ತು ವರ್ಷಕ್ಕೊಮ್ಮೆ ಜನಗಣತಿ ಆಗುತ್ತೆ. ತಲೆ ಎಣಿಸೋದಷ್ಟೇ ಅಲ್ಲ, ಪ್ರತಿ ಹಳ್ಳಿಗೂ ಏನೇನು ಸೌಕರ್ಯ ಇದೆ ಅಂತ ಜಿಲ್ಲಾ ಗಣತಿ ಕೈಪಿಡಿಯಲ್ಲಿ ಅಚ್ಚು ಹಾಕುತ್ತಾರೆ. ಶಾಲೆ, ಆಸ್ಪತ್ರೆ, ಅಂಚೆ, ಕುಡಿಯುವ ನೀರು, ಅದರ ಜತೆಗೆ ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ರೈಲು ನಿಲ್ದಾಣ, ಆಟೋ, ಟ್ರ್ಯಾಕ್ಟರು ಎಲ್ಲಕ್ಕೂ ಒಂದೊಂದು ಕಲಂ. ಎತ್ತಿನ ಗಾಡಿಗೂ ಒಂದು ಕಲಂ ಇದೆ ಎಂದರೆ ನಗಬೇಡಿ.

ಸೌಕರ್ಯ ಊರಲ್ಲೇ ಇದ್ದರೆ ಇದೆ ಅಂತ ಗುರುತು. ಇಲ್ಲದಿದ್ದರೆ ಎಷ್ಟು ದೂರದಲ್ಲಿ ಸಿಗುತ್ತೆ ಅಂತ ಒಂದು ಅಕ್ಷರ. 5 ಕಿ.ಮೀ. ಒಳಗಿದ್ದರೆ 'ಎ', 5ರಿಂದ 10 ಕಿ.ಮೀ. ಆದರೆ 'ಬಿ', ಅದಕ್ಕೂ ಮೇಲಾದರೆ 'ಸಿ'. ಮುಗೀತು. ಡೆಲ್ಲಿಯಲ್ಲಿ ಕೂತು ಓದುವವರಿಗೆ 'ಎ' ಅಂದರೆ ಹತ್ತಿರ, ಚಿಂತೆಯಿಲ್ಲ. ಆದರೆ ನಾಲ್ಕೂವರೆ ಕಿ.ಮೀ. ಕೂಡ 'ಎ'ನೇ ಅಲ್ಲವೇ ಸ್ವಾಮಿ? ಗಟ್ಟಿ ಕಾಲಿನವನಿಗೆ ಅದು ಒಂದು ಗಂಟೆ ನಡಿಗೆ. ಬಸುರಿಗೆ, ಮುದುಕರಿಗೆ, ತಲೆ ಮೇಲೆ ಸೊಪ್ಪಿನ ಮೂಟೆ ಹೊತ್ತವರಿಗೆ ಎಷ್ಟು ಹೊತ್ತು ಅಂತ ಆ ಅಕ್ಷರ ಹೇಳೋದಿಲ್ಲ. ದಿನಕ್ಕೆ ಒಂದು ಬಸ್ಸೋ ಹತ್ತು ಬಸ್ಸೋ, ಬೆಳಗಿನ ಐದಕ್ಕೋ ಮಧ್ಯಾಹ್ನ ಹನ್ನೆರಡಕ್ಕೋ, ಅದನ್ನೂ ಹೇಳೋದಿಲ್ಲ.

ಇದಕ್ಕಿಂತ ದೊಡ್ಡ ಮರೆ ಇನ್ನೊಂದಿದೆ. ಗಣತಿ ಪುಸ್ತಕದಲ್ಲಿ ಹಳ್ಳಿ ಅಂದರೆ ಕಂದಾಯ ಗ್ರಾಮ. ನಮ್ಮಲ್ಲಿ ಒಂದು ಕಂದಾಯ ಗ್ರಾಮಕ್ಕೆ ಎರಡು ಮೂರು ಮಜರೆ ಅಂಟಿಕೊಂಡಿರೋದು ಮಾಮೂಲು. ದೊಡ್ಡ ಊರಿನ ಅರಳಿಕಟ್ಟೆ ಮುಂದೆ ಬಸ್ಸು ನಿಂತರೆ ಇಡೀ ಗ್ರಾಮಕ್ಕೇ ಬಸ್ಸು ಇದೆ ಅಂತ ಲೆಕ್ಕ. ಎರಡು ಮೈಲಿ ಆಚೆ, ಕೆರೆ ದಾಟಿ ಇರುವ ಮಜರೆಯವರೂ ಬಸ್ಸು ಹತ್ತಿದವರ ಪಟ್ಟಿಗೆ ಸೇರಿಹೋದರು. ಅವರ ತಲೆ ಎಣಿಕೆಗೆ ಸಿಕ್ಕಿತು, ಕಾಲು ಸಿಗಲಿಲ್ಲ.

ಇದೇನು ಸಣ್ಣ ವಿಷಯವಲ್ಲ. 2011ರ ಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15,36,401. ಅದರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಹಳ್ಳಿಯವರು. ಬಂಗಾರಪೇಟೆ ಪಟ್ಟಣದ್ದು ಸುಮಾರು 45 ಸಾವಿರ, ಕೆ.ಜಿ.ಎಫ್. ಊರಿನದು 1 ಲಕ್ಷ 60 ಸಾವಿರಕ್ಕೆ ಮೇಲೆ. ಈ ಎರಡು ಊರುಗಳ ಬಜಾರು, ಕಾಲೇಜು, ಆಸ್ಪತ್ರೆ, ರೈಲು ಎಲ್ಲವನ್ನೂ ನಂಬಿಕೊಂಡಿರೋದು ಬೂದಿಕೋಟೆ, ಕಾಮಸಮುದ್ರ, ಬೇತಮಂಗಲ, ಕ್ಯಾಸಂಬಳ್ಳಿ ಕಡೆಯ ಹಳ್ಳಿ ಜನ. ಹೋಬಳಿ ಊರುಗಳಿಗೆ ಬಸ್ಸು ಇದೆ, ಇಲ್ಲ ಅನ್ನೋದಿಲ್ಲ. ಗೋಳು ಇರೋದು ಆ ರಸ್ತೆಯಿಂದ ಒಳಗಿರುವ ಊರುಗಳದ್ದು.

ಮೊದಲು ಗಾಡಿ ಬಂತು, ಆಮೇಲೆ ಜನ ಬಂದರು

ಚಿಕ್ಕ ಊರಿಗೆ ಬಸ್ಸು ಯಾಕೆ, ಜನ ಎಲ್ಲಿದ್ದಾರೆ ಅಂತ ಕೇಳುವ ಅಧಿಕಾರಿಗಳಿಗೆ ನಮ್ಮ ಊರಿನ ಇತಿಹಾಸವೇ ಉತ್ತರ ಕೊಡುತ್ತೆ.

ಬೆಂಗಳೂರು–ಜೋಲಾರಪೇಟೆ ರೈಲು ಓಡಿದ್ದು 1864ರಲ್ಲಿ. ಆಗಿನ ಮೈಸೂರು ಕಮಿಷನರ್ ಲೆವಿನ್ ಬೌರಿಂಗ್ ಸಾಹೇಬರ ಹೆಸರಲ್ಲಿ ಬೌರಿಂಗ್‌ಪೇಟೆ ಆಯಿತು. ಇಂದಿನ ಬಂಗಾರಪೇಟೆ ಅದೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿತು. 1891ರ ಗಣತಿಯಲ್ಲಿ ಚಿನ್ನದ ಗಣಿ ಪ್ರದೇಶದ ಜನಸಂಖ್ಯೆ ಏಳು ಸಾವಿರದ ಆಸುಪಾಸು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿ.ಮೀ. ಕವಲು ರೈಲು ಹಾಕಿದರು. 1901ರಲ್ಲಿ ಮತ್ತೆ ಎಣಿಸಿದಾಗ ಜನಸಂಖ್ಯೆ 38,204! ಹತ್ತು ವರ್ಷದಲ್ಲಿ ಐದು ಪಟ್ಟು.

ಚಿನ್ನ ಸಿಗದೆ ಬರೀ ರೈಲು ಬಂದಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ, ಸರಿ. ಆದರೆ ಜನ ಸೇರಲಿ, ಆಮೇಲೆ ರೈಲು ಹಾಕೋಣ ಅಂತ ಬ್ರಿಟಿಷರು ಕಾಯಲಿಲ್ಲ ಅನ್ನೋದು ಗಮನಿಸಬೇಕಾದ ಮಾತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ಅಂತ ಹೆಜ್ಜೆಗೊಂದು ಟೇಶನ್ ಕಟ್ಟಿದರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ತಂದರು. ಬೆಂಗಳೂರಿಗೆ ಆ ದೀಪ ಬಂದದ್ದು 1905ಕ್ಕೆ. ಬೇತಮಂಗಲದಿಂದ ಪಾಲಾರ್ ನೀರು ತಂದರು. ಚಾಂಪಿಯನ್ ರೀಫಿನಲ್ಲಿ ಆಳುಗಳನ್ನು ಭೂಮಿಯ ಒಳಕ್ಕೆ 3 ಕಿ.ಮೀ.ಗೂ ಮೇಲೆ ಇಳಿಸಿ, ಶಿಫ್ಟು ಮುಗಿದ ಮೇಲೆ ವಾಪಸ್ ಎತ್ತಿ ತರುತ್ತಿದ್ದರು. ಪಾತಾಳಕ್ಕೆ 3 ಕಿ.ಮೀ. ಗಾಡಿ ಇದ್ದ ಸೀಮೆಯಲ್ಲಿ, ನೂರು ವರ್ಷ ಆದ ಮೇಲೆ ಬಯಲಿನ ಮೇಲೆ 5 ಕಿ.ಮೀ. ಹೋಗಲು ಗಾಡಿ ಇಲ್ಲ!

ಕೋಲಾರದ ಕಡೆಗೂ ಹೀಗೇ. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಸಣ್ಣ ರೈಲು ಬಂತು. ದಾರಿಯ ಹಳ್ಳಿಯವರು ಅದರಲ್ಲೇ ಓಡಾಡಿದರು. ಆ ದಾರಿ ಇಂದು ದೊಡ್ಡ ಗೇಜು. 2013ರಲ್ಲಿ ಕೋಲಾರ–ಚಿಕ್ಕಬಳ್ಳಾಪುರ ದಾರಿಯೂ ದೊಡ್ಡದಾಯಿತು.

ಗಣಿ ಮುಚ್ಚಿತು, ರೈಲು ತುಂಬಿತು

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಇದ್ದ ಊರಲ್ಲೇ ಕೆಲಸ ಇದ್ದವರಿಗೆ ಬೆಂಗಳೂರೇ ಗತಿಯಾಯಿತು. ಗಣಿ ಲೈನಿನ ಮಕ್ಕಳು, ಪಕ್ಕದ ಹಳ್ಳಿಯ ರೈತನ ಮಕ್ಕಳು ಒಂದೇ ಬೋಗಿಯಲ್ಲಿ ನಿಂತು ಹೋಗಲು ಶುರುಮಾಡಿದರು. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಸುಮಾರು 16 ಕಿ.ಮೀ., ಅಲ್ಲಿಂದ ಬೆಂಗಳೂರು ಸಿಟಿಗೆ ಸುಮಾರು 70. ಟ್ಯಾಕಲ್, ಮಾಲೂರು, ವೈಟ್‌ಫೀಲ್ಡ್, ಕೆ.ಆರ್.ಪುರಂ ಅಂತ ಇಳಿಯುವವರು ಇಳಿಯುತ್ತಾರೆ. ವೈಟ್‌ಫೀಲ್ಡಿನಲ್ಲಿ ಇಳಿದವರಿಗೆ 2023ರ ಮಾರ್ಚ್‌ನಿಂದ ಮೆಟ್ರೋ ಕೂಡ ಸಿಕ್ಕಿತು.

ಅಂದರೆ ಬಂಗಾರಪೇಟೆ ಪ್ಲಾಟ್‌ಫಾರಂ ಮುಟ್ಟಿದವನಿಗೆ ಲೋಕವೆಲ್ಲ ಹತ್ತಿರ. ಅಷ್ಟು ದೂರ ಕಡಿಮೆ ಕಾಸಿಗೆ ರೈಲು ಕರೆದೊಯ್ಯುತ್ತೆ. ಕಷ್ಟ ಇರೋದು ಮನೆಯಿಂದ ಪ್ಲಾಟ್‌ಫಾರಂವರೆಗಿನ ದಾರಿಯಲ್ಲಿ. ಬೆಳಿಗ್ಗೆ ಮೊದಲ ಗಾಡಿಗೆ ಒಳಹಳ್ಳಿಯ ಬಸ್ಸು ಹೊಂದೋದಿಲ್ಲ. ರಾತ್ರಿ ಕೊನೆ ಗಾಡಿ ಇಳಿದಾಗ ಕೊನೆ ಬಸ್ಸು ಹೋಗಿಬಿಟ್ಟಿರುತ್ತೆ. ಆಟೋದವನು ನಾಲ್ಕು ಜನ ಕೂಡದೆ ಹೊರಡೋದಿಲ್ಲ. ಕೂಡಿದ ಮೇಲೂ ಮೇನ್ ರೋಡಿನ ಗೇಟಿಗೆ ಇಳಿಸಿ ಹೋಗುತ್ತಾನೆ. ಅವನ ಕಷ್ಟ ಅವನಿಗೆ. ಖಾಲಿ ವಾಪಸ್ ಬರಬೇಕಲ್ಲ!

ಕಾಮಸಮುದ್ರ, ಬೂದಿಕೋಟೆ ಕಡೆಯವರಿಗೆ ಇದು ಬರೀ ಕಾಲುನೋವಿನ ಮಾತಲ್ಲ. ಗಡಿ ಕಾಡಿನಿಂದ ಆನೆ ಹಿಂಡು ಹೊಲಕ್ಕೆ ಇಳಿಯುವ ಸೀಮೆ ಅದು. ಬೆಳೆ ಹೋಗಿದೆ, ಜೀವಗಳೂ ಹೋಗಿವೆ. ಆನೆ ಓಡಾಡೋದೂ ಮುಂಜಾವು, ಮುಸ್ಸಂಜೆಯಲ್ಲೇ. ನಮ್ಮ ಆಳುಗಳು, ಶಾಲೆ ಮಕ್ಕಳು ನಡೆಯೋದೂ ಅದೇ ಹೊತ್ತಿನಲ್ಲೇ. ಆನೆ ಬಂದಿದೆ, ಒಂಟಿಯಾಗಿ ತಿರುಗಾಡಬೇಡಿ ಅಂತ ಅರಣ್ಯ ಇಲಾಖೆ ಹೇಳೋದು ಸರಿಯೇ. ನಡೆಯದೆ ಹೋಗೋದು ಹೇಗೆ ಅಂತ ಹೇಳಬೇಕಾದವರು ಸುಮ್ಮನಿದ್ದಾರೆ.

ರಸ್ತೆಗೆ ಐನೂರು ತಲೆ, ಬಸ್ಸಿಗೆ ಎಷ್ಟು?

ಹಳ್ಳಿಗೆ ರಸ್ತೆ ಬೇಕಾದರೆ ತಲೆ ಲೆಕ್ಕ ಬೇಕು. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲುಸೀಮೆಯ ಜನವಸತಿಗೆ 500 ಜನ ಇರಬೇಕು ಅಂತ ನಿಯಮ. ಗುಡ್ಡಗಾಡು ರಾಜ್ಯಗಳಿಗೆ ಅದು 250. 2024ರಲ್ಲಿ ಒಪ್ಪಿಗೆಯಾದ ನಾಲ್ಕನೇ ಹಂತಕ್ಕೂ ಬಯಲಿಗೆ ಐನೂರೇ. ಎಣಿಕೆ ಮಾತ್ರ 2011ರದು. ನಮ್ಮ ರಾಜ್ಯದ 'ನಮ್ಮ ಗ್ರಾಮ ನಮ್ಮ ರಸ್ತೆ' ಯೋಜನೆಯಲ್ಲೂ ಸುಮಾರು ರಸ್ತೆಗಳಾದವು. ನ್ಯಾಯವಾಗಿ ಹೇಳಬೇಕಾದರೆ, ಮೂವತ್ತು ವರ್ಷದ ಹಿಂದೆ ಕೆಸರಿನಲ್ಲಿ ಗಾಡಿ ಹೂತುಹೋಗುತ್ತಿದ್ದ ಎಷ್ಟೋ ಕಡೆ ಇಂದು ಟಾರು ಬಂದಿದೆ.

ಟಾರು ಬಂದರೆ ಬಸ್ಸು ತಾನಾಗಿ ಬರುತ್ತೆ ಅಂತ ಎಲ್ಲರೂ ನಂಬಿದ್ದೆವು. ಬರಲಿಲ್ಲ. ರಸ್ತೆ ಹಾಕುವ ಇಲಾಖೆ ಒಂದು, ಬಸ್ಸು ಬಿಡುವ ನಿಗಮ ಇನ್ನೊಂದು, ಪರ್ಮಿಟ್ಟು ಕೊಡುವವರು ಮತ್ತೊಬ್ಬರು. ರಸ್ತೆಗೆ ತಲೆ ಲೆಕ್ಕವಾದರೆ ಬಸ್ಸಿಗೆ ಟಿಕೆಟ್ ಲೆಕ್ಕ. ಬಸ್ಸೇ ಓಡದ ದಾರಿಯಲ್ಲಿ ಟಿಕೆಟ್ ಎಲ್ಲಿಂದ ಹರಿಯಬೇಕು?

ಖಾಸಗಿ ಬಸ್ಸಿನ ಕಥೆ ಬೇರೆ. 1948ರಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳಿಂದ ಸಾರಿಗೆ ಇಲಾಖೆ ಶುರುಮಾಡಿತು. 1961ರಲ್ಲಿ ಅದು ನಿಗಮವಾಯಿತು. 1968ರ ಜನವರಿಯಲ್ಲಿ 'ಕೋಲಾರ ಸ್ಕೀಮು' ಬಂದು ಜಿಲ್ಲೆಯ ಮಾರ್ಗಗಳು ರಾಷ್ಟ್ರೀಕರಣಕ್ಕೆ ಸೇರಿದವು. ಆಗ ಮೊದಲಿನಿಂದ ಓಡುತ್ತಿದ್ದ ಖಾಸಗಿಯವರನ್ನು ಷರತ್ತಿನ ಮೇಲೆ ಉಳಿಸಿದರು. ಯಾವ ದಾರಿ ಯಾರದು ಅಂತ ಖಾಸಗಿಯವರೂ ನಿಗಮವೂ ಸುಪ್ರೀಂ ಕೋರ್ಟಿನವರೆಗೂ ಬಡಿದಾಡಿದರು. ಆ ಬಡಿದಾಟವೆಲ್ಲ ಲಾಭ ಇದ್ದ ಮೇನ್ ರೋಡಿಗಾಗಿ. ಒಳಹಳ್ಳಿಯ ದಾರಿಗಾಗಿ ಯಾರು ತಾನೇ ಕೋರ್ಟು ಮೆಟ್ಟಿಲು ಹತ್ತುತ್ತಾರೆ?

ಇನ್ನು ದೊಡ್ಡ ರಸ್ತೆಯ ವೈಭವ ನೋಡಿ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ರಸ್ತೆ ಒಟ್ಟು ಸುಮಾರು 260 ಕಿ.ಮೀ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲ ಕಡೆಗೆ ಬರುವ ನಮ್ಮ ರಾಜ್ಯದ ಭಾಗ ಸುಮಾರು 71 ಕಿ.ಮೀ., 2024ರ ಡಿಸೆಂಬರ್‌ನಲ್ಲಿ ಸಂಚಾರಕ್ಕೆ ತೆರೆಯಿತು. ನಮ್ಮ ಹೊಲದ ಮಧ್ಯೆಯೇ ಹೋಗಿದೆ. ಆದರೆ ಎಲ್ಲೆಂದರಲ್ಲಿ ಹತ್ತಿ ಇಳಿಯುವ ರಸ್ತೆ ಅದಲ್ಲ. ಬೇಲಿಯ ಈಚೆ ನಿಂತು ಕಾರುಗಳು ಹೋಗೋದನ್ನು ನೋಡಬಹುದು. ಮಾರಿಕುಪ್ಪಂನಿಂದ ಕುಪ್ಪಂಗೆ ಸುಮಾರು 24 ಕಿ.ಮೀ. ಹೊಸ ರೈಲು ದಾರಿ 2011–12ರಲ್ಲೇ ಮಂಜೂರಾಯಿತು. ಹತ್ತು ವರ್ಷ ಕಳೆದರೂ ಆ ಕೆಲಸ ಮುಗಿಯಲಿಲ್ಲ. ದೂರದವರು ಹಾದುಹೋಗುವ ದಾರಿ ಬೇಗ ಆಗುತ್ತೆ, ನಮ್ಮವರು ಹತ್ತಿ ಇಳಿಯುವ ದಾರಿಗೆ ಮಾತ್ರ ಗ್ರಹಚಾರ.

ಸೊನ್ನೆ ಟಿಕೆಟ್ಟೂ ಸೊನ್ನೆ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಕಾಸಿಲ್ಲದ ಪ್ರಯಾಣ. ಕಂಡಕ್ಟರು ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡುತ್ತಾನೆ, ಆ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ದುಡ್ಡು ಕಟ್ಟುತ್ತೆ. ಒಳ್ಳೆಯದೇ. ಆದರೆ ಕೆಂಪು ಬಸ್ಸು ಬರುವ ಊರಿನ ಹೆಂಗಸಿಗೆ ಪುಕ್ಕಟೆ, ಬಾರದ ಊರಿನ ಹೆಂಗಸಿಗೆ ಆಟೋ ಚಾರ್ಜು. ಖಾಸಗಿ ಬಸ್ಸು ಓಡುವ ದಾರಿಯಲ್ಲೂ ಕಾಸು ಕೊಡಲೇಬೇಕು. ಸರ್ಕಾರ ಒಂದೇ, ತೆರಿಗೆ ಒಂದೇ, ಗೇಟಿನ ಒಳಗಿನ ಅಕ್ಕನಿಗೆ ಒಂದು ನ್ಯಾಯ, ಗೇಟಿನ ಮೇಲಿನ ಅಕ್ಕನಿಗೆ ಇನ್ನೊಂದು.

ಮಕ್ಕಳದ್ದೂ ಅದೇ ಪಾಡು. 2006–07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಹೈಸ್ಕೂಲು ದೂರ ಅಂತ ಹೆಣ್ಣುಮಕ್ಕಳನ್ನು ಮನೆಯಲ್ಲೇ ಕೂರಿಸಿಕೊಳ್ಳುತ್ತಿದ್ದ ತಂದೆತಾಯಿಗೆ ಅದೊಂದು ಧೈರ್ಯವಾಗಿತ್ತು. ಕೊರೋನಾ ಕಾಲದಲ್ಲಿ ಅದೂ ನಿಂತುಹೋಯಿತು. ಬಸ್ ಪಾಸು ಇದೆ ಅಂತಾರೆ. ಬಸ್ಸಿಲ್ಲದ ಊರಿನಲ್ಲಿ ಪಾಸು ಇಟ್ಟುಕೊಂಡು ಏನು ಮಾಡೋದು?

ಅಂಗಡಿಯವರೂ ಕೇಳಬೇಕಾದ ಮಾತು

ಇದು ಹಳ್ಳಿಯವರ ತಲೆನೋವು, ನಮಗೇನು ಅಂತ ಬಜಾರಿನವರು ಕೂರುವ ಹಾಗಿಲ್ಲ. ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ ವ್ಯಾಪಾರ ಗಡಿಯಾರ ನೋಡಿ ನಡೆಯೋದಿಲ್ಲ, ಕೊನೆ ಬಸ್ಸು ನೋಡಿ ನಡೆಯುತ್ತೆ. ಬಸ್ಸು ಹೊರಡುತ್ತೆ ಅಂದ ಕೂಡಲೇ ಗಿರಾಕಿ ಸೀರೆ ಕೆಳಗಿಟ್ಟು ಓಡುತ್ತಾರೆ. ಗೊಬ್ಬರದಂಗಡಿಯಲ್ಲಿ ಎರಡು ಮೂಟೆ ಬೇಕಾದವನು ಒಂದೇ ಒಯ್ಯುತ್ತಾನೆ, ಯಾಕೆಂದರೆ ಗೇಟಿನಿಂದ ಮನೆಗೆ ಹೊರಬೇಕಾದವನು ಅವನೇ. ನಮ್ಮ ಬಂಗಾರಪೇಟೆ ಪಾನಿಪೂರಿ ತಿನ್ನಲು ಬೆಂಗಳೂರಿಂದ ಕಾರಿನಲ್ಲಿ ಬರುತ್ತಾರೆ. ಐದು ಮೈಲಿ ಆಚೆಯ ಹಳ್ಳಿಯ ಮಗು ಕೇಳಿದರೆ, ಬಸ್ಸು ತಪ್ಪುತ್ತೆ ಬಾ ಅಂತ ತಾಯಿ ಕೈಹಿಡಿದು ಎಳೆದುಕೊಂಡು ಹೋಗುತ್ತಾಳೆ.

ನಷ್ಟ ಆಗುತ್ತೆ ಅನ್ನುವ ನಿಗಮಕ್ಕೆ ಒಂದು ಸಣ್ಣ ಲೆಕ್ಕ. ನಾನೂರು ಜನರ ಒಂದು ಮಜರೆ ಅಂತ ಇಟ್ಟುಕೊಳ್ಳಿ. ಬೆಳಗಿನ ರೈಲಿಗೆ ಹತ್ತು ಜನ, ಕೂಲಿಗೆ ಹತ್ತು ಜನ, ಹೈಸ್ಕೂಲು ಕಾಲೇಜಿಗೆ ಇಪ್ಪತ್ತು ಮಕ್ಕಳು. ಒಟ್ಟು ನಲವತ್ತು. ಈ ನಲವತ್ತು ಮಂದಿ ಒಂದೇ ಹೊತ್ತಿಗೆ ಹೋಗೋದಿಲ್ಲ, ಆದ್ದರಿಂದ ಒಂದು ಮಜರೆಗೆ ಒಂದು ಬಸ್ಸು ಗಿಟ್ಟೋದಿಲ್ಲ ಅನ್ನೋದು ನಿಜ. ಅದೇ ಅಕ್ಕಪಕ್ಕದ ಐದು ಮಜರೆ ಸುತ್ತಿಸಿದರೆ? ರೈಲಿನವರೇ ಐವತ್ತು ಮಂದಿ. ಬಸ್ಸು ತುಂಬಿತು! ಮಕ್ಕಳ ಹೊತ್ತಿಗೆ ನೂರು ಮಂದಿ. ಎರಡು ಬಸ್ಸು ಬೇಕು. ದೊಡ್ಡ ಬಸ್ಸು ತಿರುಗದ ದಾರಿಯಾದರೆ ಮಿನಿ ಬಸ್ಸು ಬಿಡಲಿ. ಒಂದೊಂದು ಊರನ್ನೂ ಬೇರೆ ಬೇರೆ ತೂಗಿದರೆ ಎಲ್ಲವೂ ಹಗುರವೇ. ಒಟ್ಟಿಗೆ ತಕ್ಕಡಿಗೆ ಹಾಕಿದರೆ ತೂಕ ಗೊತ್ತಾಗುತ್ತೆ. ಹಾಲಿನವರು ಮಾಡಿದ್ದೂ ಇದನ್ನೇ ತಾನೇ? ಒಂದು ಊರಿನ ನಾಲ್ಕು ಕ್ಯಾನಿಗೆ ಗಾಡಿ ಕಟ್ಟಲಿಲ್ಲ. ಹತ್ತೂರು ಸುತ್ತಿಸಿ ಗಾಡಿ ತುಂಬಿಸಿದರು.

ಕೇಳೋದು ಎಲ್ಲಿ?

ಬರೀ ಬೈದುಕೊಂಡು ಕೂತರೆ ಬಸ್ಸು ಬರೋದಿಲ್ಲ. ಕೇಳುವ ಜಾಗದಲ್ಲಿ ಕೇಳಬೇಕು.

ಮೊದಲನೆಯದು, ಗ್ರಾಮಸಭೆ. ನಮ್ಮೂರಿಗೆ ಬಸ್ಸು ಬಿಡಿ ಅಂತ ಒಂದು ಸಾಲು ಬರೆದು ಕಳಿಸಿದರೆ ಫೈಲಿನಲ್ಲಿ ಸಾಯುತ್ತೆ. ಅಕ್ಕಪಕ್ಕದ ನಾಲ್ಕೈದು ಊರಿನವರು ಕೂಡಿ ಯಾವ ಹೊತ್ತಿಗೆ ಎಷ್ಟು ಜನ, ಎಲ್ಲಿಗೆ ಅಂತ ಪಟ್ಟಿ ಮಾಡಿ, ಎಲ್ಲಾ ಊರಿನ ನಿರ್ಣಯವನ್ನೂ ಸೇರಿಸಿ ಕೊಡಬೇಕು. ಸರ್ಕಾರಿ ಬಸ್ಸಿಗಾದರೆ ಕೋಲಾರ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ. ಖಾಸಗಿ ಪರ್ಮಿಟ್ಟಿನ ಮಾತಾದರೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ. ಅದರ ಅಧ್ಯಕ್ಷರು ಡೀಸಿಯವರೇ. ಅರ್ಜಿಯಲ್ಲಿ ಬಂಗಾರಪೇಟೆ ರೈಲಿನ ಟೈಮನ್ನು ದಪ್ಪಕ್ಷರದಲ್ಲಿ ಬರೆಯಿರಿ. ರೈಲಿಗೆ ಹೊಂದದ ಬಸ್ಸು ನಮ್ಮ ಸೀಮೆಗೆ ಅರ್ಧ ಬಸ್ಸು.

ಎರಡನೆಯದು, ಗಣತಿ. 2021ರಲ್ಲಿ ಆಗಬೇಕಾದ ಎಣಿಕೆ ಆಗಲೇ ಇಲ್ಲ. 2025ರ ಜೂನ್‌ನ ಅಧಿಸೂಚನೆಯಂತೆ ಮುಂದಿನ ಗಣತಿಯ ದಿನ 2027ರ ಮಾರ್ಚ್ 1. ಹದಿನಾರು ವರ್ಷದ ಹಳೆಯ ಲೆಕ್ಕದ ಮೇಲೆ ನಮ್ಮ ರಸ್ತೆ, ನಮ್ಮ ಬಸ್ಸು ತೀರ್ಮಾನ ಆಗುತ್ತಾ ಬಂದಿದೆ. ಈ ಸಲ ತಪ್ಪಿದರೆ ಇನ್ನೂ ಹತ್ತು ವರ್ಷ ಅದೇ 'ಎ', ಅದೇ 'ಬಿ'. ಆದ್ದರಿಂದ ಕೂಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆಗೆ ಬರುವವರು ತಮ್ಮ ಊರಿನಲ್ಲೇ ಹೆಸರು ಬರೆಸಲಿ. 480 ಆಗಬೇಕೋ 505 ಆಗಬೇಕೋ ಅನ್ನೋದು ನಿಮ್ಮ ಕೈಯಲ್ಲೇ ಇದೆ. ಐನೂರರ ಗೆರೆ ದಾಟಿದ ಮಜರೆಗೆ ಸಿಗುವ ರಸ್ತೆ ದಾಟದ ಮಜರೆಗೆ ಸಿಗೋದಿಲ್ಲ. ಊರಿನ ಸೌಕರ್ಯದ ವಿವರ ಬರೆದುಕೊಳ್ಳಲು ಬಂದವರಿಗೆ, ಬಸ್ಸು ದೊಡ್ಡ ಊರಿಗೆ ಮಾತ್ರ, ಮಜರೆಗೆ ಇಲ್ಲ ಅಂತ ಪಂಚಾಯ್ತಿಯವರು ಬಾಯಿಬಿಟ್ಟು ಹೇಳಲಿ. ಹಳೆಯ ಪುಸ್ತಕದ ಸಾಲನ್ನೇ ಹೊಸದಕ್ಕೆ ಇಳಿಸಲು ಬಿಡಬೇಡಿ.

ಮೂರನೆಯದು, ಬಜಾರಿನ ವರ್ತಕರು. ಹಳ್ಳಿಯವರ ಅರ್ಜಿಯ ಕೆಳಗೆ ನಿಮ್ಮದೊಂದು ಸಹಿ ಹಾಕಿ. ರಾತ್ರಿ ಒಂದು ಬಸ್ಸು ತಡವಾಗಿ ಹೊರಟರೆ ನಿಮ್ಮ ಅಂಗಡಿ ದೀಪವೂ ಅಷ್ಟು ಹೊತ್ತು ಹೆಚ್ಚಿಗೆ ಉರಿಯುತ್ತೆ.

ಚಿನ್ನ ಇದ್ದಾಗ ಈ ಸೀಮೆಗೆ ರೈಲು, ಕರೆಂಟು, ನೀರು ಎಲ್ಲಾ ಕೇಳದೆಯೇ ಬಂತು. ಚಿನ್ನ ಹೋಯಿತು, ಈಗ ಉಳಿದಿರೋದು ಜನ. ಜನಕ್ಕೆ ಕೇಳಿದರೂ ಬಸ್ಸು ಬಾರದು ಅನ್ನೋದಾದರೆ ಎಣಿಸೋದಾದರೂ ಯಾಕೆ? ಗಣತಿಯವರು ಬಾಗಿಲಿಗೆ ಬಂದಾಗ ತಲೆ ಲೆಕ್ಕ ಕೊಡಿ. ಜತೆಗೆ ದಿನಾ ಎಷ್ಟು ದೂರ ನಡೆಯುತ್ತೀರಿ ಅಂತ ಕಾಲಿನ ಲೆಕ್ಕವನ್ನೂ ಹೇಳಿ ಕಳಿಸಿ.